ಅರ್ಧ ಮಾಡಿದ ಮಾತ್ರೆ

ನಾಯಿಯ ವಿಚಾರ ಹಿಡಿದು ಆಪ್ತಸಲಹೆಗೆ ಬರುವವರು ಮೊದಲ ಐದು ನಿಮಿಷವನ್ನು ಸಂಕೋಚಪಡುವುದರಲ್ಲೇ ಕಳೆಯುತ್ತಾರೆ. “ನಗಬೇಡಿ ಮೇಡಂ” ಎನ್ನುತ್ತಾರೆ. “ಬೇರೆಯವರ ಕಷ್ಟದ ಮುಂದೆ ನಮ್ಮದೇನೂ ಅಲ್ಲ” ಎನ್ನುತ್ತಾರೆ. ನಾನು ನಗುವುದಿಲ್ಲ. ಕುರುಡು ನಾಯಿ, ಮೂರು ಕಾಲಿನ ನಾಯಿ, ಸೊಂಟ ಮುರಿದ ನಾಯಿಗಳನ್ನು ಮನೆಗೆ ತಂದು ಆರು ತಿಂಗಳಿಗೆ ಸೋತು ಕುಳಿತವರು ಈಚೆಗೆ ಮೇಲಿಂದ ಮೇಲೆ ಬರುತ್ತಿದ್ದಾರೆ. ದತ್ತು ಪಡೆದ ದಿನ ಹೊಗಳುವುದಕ್ಕೆ ಊರೆಲ್ಲ ಇರುತ್ತದೆ. ಆಮೇಲೆ ಆ ಮನೆಯಲ್ಲಿ ಯಾರಿಗೆ ನಿದ್ದೆ ಬರುತ್ತಿದೆ, ಯಾರಿಗೆ ಇಲ್ಲ ಎಂದು ವಿಚಾರಿಸುವವರು ಇರುವುದಿಲ್ಲ. ಇವುಗಳಲ್ಲಿ ಅಪಸ್ಮಾರದ ನಾಯಿ ಇರುವ ಮನೆಗಳು ನನ್ನನ್ನು ಹೆಚ್ಚು ಕಾಡುತ್ತವೆ. ಕುರುಡು ನಾಯಿಗೆ ಮನೆಯವರು ಒಗ್ಗಿಕೊಳ್ಳುತ್ತಾರೆ, ಕುರ್ಚಿ ಮೇಜುಗಳ ಜಾಗ ಬದಲಿಸದಿದ್ದರೆ ಅರ್ಧ ಕಷ್ಟ ಮುಗಿಯಿತು. ಫಿಟ್ಸ್ ಹಾಗಲ್ಲ. ಅದು ಬಾರದ ದಿನವೂ ಮನೆಯವರ ಕಿವಿ ಅದಕ್ಕಾಗಿ ನೆಟ್ಟಿರುತ್ತದೆ.

ಈ ಪ್ರಕರಣ ಮೈಸೂರಿನ ಒಂದು ಮನೆಯದು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ವಿವರ ಬದಲಿಸಿ ಬರೆಯುತ್ತಿದ್ದೇನೆ. ನಾಯಿಯ ಹೆಸರನ್ನೂ ಬದಲಿಸಿದ್ದೇನೆ, ಏಕೆಂದರೆ ನಮ್ಮ ಬಡಾವಣೆಗಳಲ್ಲಿ ಮನೆ ಪತ್ತೆಯಾಗುವುದು ಯಜಮಾನನ ಹೆಸರಿಗಿಂತ ನಾಯಿಯ ಹೆಸರಿನಿಂದಲೇ.

ಸುಮಾ ಶಾಲಾ ಶಿಕ್ಷಕಿ. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮನೆಯಲ್ಲಿ ಅರವತ್ತು ದಾಟಿದ ಅತ್ತೆ ಇದ್ದಾರೆ, ಅವರದು ಅರಸೀಕೆರೆ ಕಡೆಯ ಹಳ್ಳಿ. ನಾಯಿಯನ್ನು ಹಚ್ಚಿಕೊಂಡ ಹೆಂಗಸಿನ ವಿಷಯ ಬಂದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ಒಬ್ಬ ಮಗನಿದ್ದಾನೆ, ಆರೋಗ್ಯವಾಗಿದ್ದಾನೆ, ಈ ಕಥೆಗೂ ಅದಕ್ಕೂ ಸಂಬಂಧವಿಲ್ಲ.

ಚಂದು ಬೀದಿಯಲ್ಲಿ ಹುಟ್ಟಿದ ನಾಯಿ. ದತ್ತು ಕೊಟ್ಟವರು ಫಿಟ್ಸ್ ಇರುವುದನ್ನು ಮುಚ್ಚಿಟ್ಟಿರಲಿಲ್ಲ. ಬೀದಿನಾಯಿಗೆ ಸೆಳವು ಬಂದರೆ ಪಶುವೈದ್ಯರು ಮೊದಲು ಡಿಸ್ಟೆಂಪರ್ ಎಂಬ ಅಂಟುರೋಗ ಇರಬಹುದೇ, ತಲೆಗೆ ಏಟು ಬಿದ್ದಿದೆಯೇ, ವಿಷ ಸೇರಿದೆಯೇ ಎಂದು ನೋಡುತ್ತಾರೆ. ಇವನಲ್ಲಿ ಅಂಥ ಕಾರಣ ಯಾವುದೂ ಸಿಕ್ಕಿರಲಿಲ್ಲ. ಎರಡು ಸೆಳವುಗಳ ನಡುವೆ ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ ಬಗೆ ಇದು. ನಾಯಿಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗುತ್ತದೆ, ಶುರುವಾದ ಮೇಲೆ ಬಹುಪಾಲು ಜೀವನಪೂರ್ತಿ ಔಷಧಿ ಬೇಕು. ಚಂದುವಿಗೆ ಫಿನೊಬಾರ್ಬಿಟೋನ್ ಮಾತ್ರೆ ಬರೆದುಕೊಟ್ಟಿದ್ದರು. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು.

ಆ ಮಾತ್ರೆ ತಿನ್ನುವ ನಾಯಿಗೆ ಹಸಿವು ಹೆಚ್ಚು, ಬಾಯಾರಿಕೆ ಹೆಚ್ಚು. ಕುಡಿದ ನೀರು ಹೊರಗೆ ಹೋಗಲೇಬೇಕಲ್ಲ. ಒಂದು ರಾತ್ರಿ ಎರಡನೇ ಪಾಳಿ ಮುಗಿಸಿ ಬಂದ ಗಂಡ ಹಜಾರದ ಒದ್ದೆ ನೆಲದ ಮೇಲೆ ಜಾರಿ ಬಿದ್ದರು. ಬಿದ್ದಲ್ಲಿಂದಲೇ “ಈ ಮನೆಯಲ್ಲಿ ಒಂದೋ ಅದು ಇರಬೇಕು, ಇಲ್ಲ ನಾನಿರಬೇಕು” ಎಂದರು. ನಡುರಾತ್ರಿಯಲ್ಲಿ ಸೊಂಟ ನೋಯಿಸಿಕೊಂಡವನು ಆಡಿದ ಮಾತನ್ನು ನಾನು ತೀರ್ಮಾನವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಮಾ ಹಿಡಿದಿದ್ದರು. ಅಂದಿನಿಂದ ಹಜಾರದಲ್ಲಿ ಚಾಪೆ ಹಾಸಿಕೊಂಡು ಚಂದುವಿನ ಪಕ್ಕದಲ್ಲೇ ಮಲಗತೊಡಗಿದರು. ಸ್ವಂತ ತಮ್ಮನ ನಿಶ್ಚಿತಾರ್ಥಕ್ಕೂ ತವರಿಗೆ ಹೋಗಲಿಲ್ಲ, ಏಳು ಗಂಟೆಯ ಮಾತ್ರೆ ಕೊಡುವವರು ಯಾರು ಎಂದು.

“ಅತ್ತೆ ಇದ್ದಾರಲ್ಲ?” ಎಂದು ಕೇಳಿದೆ.

“ಅವರಿಗೆ ಅವನನ್ನು ಕಂಡರೆ ಹೇಸಿಗೆ ಮೇಡಂ. ಫಿಟ್ಸ್ ಬಂದರೆ ಸಾಕು, ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ನಾನೊಬ್ಬಳೇ ಒದ್ದಾಡುತ್ತಿರುತ್ತೇನೆ.”

ಅವರು ಬಂದಿದ್ದು ಒಂದು ಪ್ರಶ್ನೆ ಹಿಡಿದು: ನಾಯಿಯನ್ನು ವಾಪಸು ಕೊಡಲೋ ಬೇಡವೋ. ಕೊಡಿ ಎಂದರೆ ನನ್ನ ಮೇಲೆ ಸಿಟ್ಟಾಗುತ್ತಿದ್ದರು, ಬೇಡ ಎಂದರೆ ಮನೆಗೆ ಹೋಗಿ ಅದೇ ಚಾಪೆಯ ಮೇಲೆ ಮಲಗುತ್ತಿದ್ದರು. ನಾನು ಎರಡನ್ನೂ ಹೇಳದೆ, ಮುಂದಿನ ಸಲ ಮನೆಯವರನ್ನು ಕರೆದುಕೊಂಡು ಬನ್ನಿ ಎಂದೆ. ಗಂಡನಿಗೆ ರಜೆ ಸಿಗಲಿಲ್ಲ, ಅತ್ತೆ ಬಂದರು. ನಾಯಿಯ ಬಗ್ಗೆ ಮಾತನಾಡುವುದಕ್ಕಲ್ಲ, ಸೊಸೆ ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ನನ್ನಲ್ಲಿ ದೂರು ಹೇಳುವುದಕ್ಕೆ.

ಆ ದಿನದ ಮಾತುಕತೆ ಬಹಳ ಹೊತ್ತು ಎಲ್ಲಿಗೂ ಹೋಗಲಿಲ್ಲ. ಅತ್ತೆ ಸೆರಗು ಹೊದ್ದು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು. ಸುಮಾ ದಿನಚರಿ ಹೇಳುತ್ತಿದ್ದರು: ಎಷ್ಟಕ್ಕೆ ಏಳುವುದು, ಎಷ್ಟು ಸಲ ನೆಲ ಒರೆಸುವುದು, ಶಾಲೆಯಿಂದ ಎಷ್ಟಕ್ಕೆ ಓಡಿಬರುವುದು. ವೈದ್ಯರ ಚೀಟಿ ತೋರಿಸುತ್ತೇನೆಂದು ಕೈಚೀಲ ತೆರೆದು ಔಷಧಿಯ ಕವರನ್ನು ಮೇಜಿನ ಮೇಲೆ ಸುರಿದರು. ರಕ್ತಪರೀಕ್ಷೆಯ ವರದಿ, ಎರಡು ಮಾತ್ರೆಯ ಸ್ಟ್ರಿಪ್, ಅವುಗಳ ಜೊತೆಗೆ ಕ್ಯಾಲೆಂಡರಿನ ಹಾಳೆ ಹರಿದು ಮಡಿಸಿದ ಒಂದು ಪುಟ್ಟ ಪೊಟ್ಟಣ ಉರುಳಿಬಂತು.

ಅತ್ತೆ ಕನ್ನಡಕ ಹಾಕಿಕೊಂಡು ಸ್ಟ್ರಿಪ್ ಕೈಗೆತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ಗಾರ್ಡಿನಾಲ್ ಅಲ್ಲವೇನಮ್ಮ?”

ನಾಯಿಯ ಹತ್ತಿರ ಸುಳಿಯದ, ಔಷಧಿಯ ಮಾತೇ ಎತ್ತದ ಹೆಂಗಸಿನ ಬಾಯಲ್ಲಿ ಫಿನೊಬಾರ್ಬಿಟೋನ್ ಮಾತ್ರೆಯ ಅಂಗಡಿ ಹೆಸರು ಬಂದದ್ದು ಕೇಳಿ ಸುಮಾ ಮಾತು ನಿಲ್ಲಿಸಿದರು. ಅಷ್ಟರಲ್ಲಿ ಅತ್ತೆ ಪೊಟ್ಟಣವನ್ನು ಬಿಚ್ಚಿದ್ದರು. ಒಳಗೆ ಪುಟ್ಟ ಬಿಳಿಯ ಮಾತ್ರೆಗಳ ಅರ್ಧ ಅರ್ಧ ಚೂರುಗಳು. ಕೆಲವು ಸರಿಯಾಗಿ ಮುರಿದಿದ್ದವು, ಕೆಲವು ಪುಡಿಯಾಗಿದ್ದವು.

“ಇದನ್ನು ಅರ್ಧ ಮಾಡಿದ್ದು ಯಾರು? ಡಾಕ್ಟರೋ, ನೀನೋ?”

ಸುಮಾ ನನ್ನ ಮುಖ ನೋಡಿದರು. ನಾನು ನೆರವಿಗೆ ಹೋಗಲಿಲ್ಲ. ಮಾತ್ರೆ ಅರ್ಧವಾದ ಸಂಗತಿ ನನಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ನಾಯಿ ಪ್ರಿಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ, ಇದೆಲ್ಲ ರಾಸಾಯನಿಕ, ಲಿವರ್ ಹಾಳಾಗುತ್ತದೆ, ಮೆಲ್ಲಗೆ ಕಡಿಮೆ ಮಾಡಿ ನಾವು ಹೇಳುವ ಪುಡಿ ಹಾಕಿ ಎಂದಿದ್ದರಂತೆ. ಪ್ರಮಾಣ ಇಳಿಸಿದರೆ ಬಾಯಾರಿಕೆ ಇಳಿಯುತ್ತದೆ, ನೆಲ ಒಣಗಿರುತ್ತದೆ, ಗಂಡ ಜಾರುವುದಿಲ್ಲ, ಜಗಳ ನಿಲ್ಲುತ್ತದೆ. ಲೆಕ್ಕ ಅಷ್ಟೇ. ಪ್ರೀತಿಯೇ ಇಲ್ಲದವರು ಈ ಲೆಕ್ಕ ಹಾಕುವುದಿಲ್ಲ, ನಾಯಿಯನ್ನು ನೇರವಾಗಿ ಬಿಟ್ಟುಬರುತ್ತಾರೆ. ಉಳಿಸಿಕೊಳ್ಳಬೇಕೆಂದು ಹಟ ಹಿಡಿದವರೇ ಹೀಗೆ ಕದ್ದುಮುಚ್ಚಿ ಮಾತ್ರೆ ಮುರಿಯುತ್ತಾರೆ. ಬೇರೆ ಮನೆಗಳಲ್ಲೂ ಇದನ್ನು ಕಂಡಿದ್ದೇನೆ.

“ನೀರು ಕಡಿಮೆ ಕುಡಿಯಲಿ ಎಂದು…” ಎಂದರು ಸುಮಾ.

ಅತ್ತೆ ಪೊಟ್ಟಣವನ್ನು ಹಾಗೆಯೇ ಮಡಿಸಿದರು. ಆಮೇಲೆ ಹೇಳಿದ್ದನ್ನು ಅವರು ನಮ್ಮಿಬ್ಬರ ಮುಖ ನೋಡದೆ, ಪೊಟ್ಟಣಕ್ಕೇ ಹೇಳಿದಂತೆ ಹೇಳಿದರು. ಅವರಿಗೊಬ್ಬ ತಮ್ಮನಿದ್ದ. ಎಂಟನೇ ವಯಸ್ಸಿನಿಂದ ಫಿಟ್ಸ್. ಹಾಸನದ ಆಸ್ಪತ್ರೆಯಲ್ಲಿ ಇದೇ ಮಾತ್ರೆ ಕೊಟ್ಟಿದ್ದರು. ಮನೆಯಲ್ಲಿ ಓದು ಬಲ್ಲವಳು ಅಕ್ಕನೊಬ್ಬಳೇ, ಆದ್ದರಿಂದ ಮಾತ್ರೆ ಕೊಡುವ ಕೆಲಸ ಅವಳದು. ಬೆಲ್ಲದ ಚೂರಿನಲ್ಲಿಟ್ಟು ಕೊಡುತ್ತಿದ್ದಳು. ಒಲೆಯ ಮುಂದೆ ಕೂರಲು ಬಿಡುತ್ತಿರಲಿಲ್ಲ, ಬಾವಿಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ, ಕೆರೆಗೆ ಹೋದರೆ ಹಿಂದೆಯೇ ಹೋಗುತ್ತಿದ್ದಳು. ಅವಳಿಗೆ ಗಂಡು ಗೊತ್ತಾಗುವ ಕಾಲಕ್ಕೆ ಮನೆಯವರಿಗೆ ಹೆದರಿಕೆ ಹುಟ್ಟಿತು. ಹುಡುಗನ ರೋಗ ಬೀಗರ ಕಿವಿಗೆ ಬಿದ್ದರೆ ಹೆಣ್ಣು ಮನೆಯಲ್ಲೇ ಉಳಿಯುತ್ತಾಳೆ. ಯಾರೋ ನೆಂಟರು ನಾಟಿ ಔಷಧಿ ತಂದುಕೊಟ್ಟು, ಇಂಗ್ಲಿಷ್ ಮಾತ್ರೆ ನಿಲ್ಲಿಸಿದರೇ ಇದು ಹತ್ತುವುದು ಎಂದರು. ನಿಲ್ಲಿಸಿದರು. ವಾರ ಕಳೆಯುವುದರೊಳಗೆ ಒಂದು ಸಂಜೆ ಸೆಳವು ಶುರುವಾಗಿದ್ದು ಬೆಳಗಾಗುವವರೆಗೂ ಬಿಡಲಿಲ್ಲ.

“ಅವನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ನಿನ್ನ ನಾಯಿಯ ಉಗುರು ನೆಲಕ್ಕೆ ಬಡಿದಾಗಲೂ ಅದೇ ಶಬ್ದ. ನನಗೆ ಅದನ್ನು ಕೇಳಲಾಗುವುದಿಲ್ಲ. ಚಿಲಕ ಹಾಕಿಕೊಳ್ಳುವುದು ಅದಕ್ಕೆ. ಹೇಸಿಗೆ ಎಂದು ನಿನಗೆ ಯಾರು ಹೇಳಿದರು?”

“ನೀವೊಮ್ಮೆಯೂ ಹೇಳಲಿಲ್ಲವಲ್ಲ ಅತ್ತೆ.”

“ನಿನ್ನ ಮಾವನಿಗೇ ಹೇಳಿರಲಿಲ್ಲ.”

ಈ ಕೊನೆಯ ಮಾತು ಓದುಗರಿಗೆ ಉತ್ಪ್ರೇಕ್ಷೆ ಎನಿಸಬಹುದು. ನನಗೆ ಎನಿಸಲಿಲ್ಲ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿ, ಪದೇ ಪದೇ ಅಪಸ್ಮಾರಕ್ಕೆ ತುತ್ತಾಗುವವರನ್ನು ಬುದ್ಧಿಭ್ರಮಣೆಯವರ ಜೊತೆಗೇ ಸೇರಿಸಿ ಮದುವೆಗೆ ಅನರ್ಹರೆಂದು ಬರೆದಿತ್ತು. ಆ ಪದ ಕಾಯ್ದೆಯಿಂದ ಹೊರಬಿದ್ದದ್ದು 1999ರಲ್ಲಿ. ಕಾಯ್ದೆಯ ಪುಸ್ತಕವೇ ಹಾಗೆ ಹೇಳುತ್ತಿದ್ದ ಕಾಲದ ಮನೆಗಳು ರೋಗವನ್ನು ಮುಚ್ಚಿಡದೆ ಇನ್ನೇನು ಮಾಡಿಯಾವು? ಕಾಯ್ದೆ ಬದಲಾಗಿ ಇಷ್ಟು ವರ್ಷವಾದರೂ ನಿಮ್ಹಾನ್ಸ್‌ನಲ್ಲಿ ಮದ್ದು ಪಡೆದು, ಅದರ ಚೀಟಿಯನ್ನು ಬೀರುವಿನ ಸೀರೆಗಳ ಕೆಳಗೆ ಅಡಗಿಸಿಡುವವರು ನನ್ನಲ್ಲಿಗೆ ಇಂದಿಗೂ ಬರುತ್ತಾರೆ.

ಇನ್ನು ನಾನು ಕೊಟ್ಟ ಸಲಹೆ. ಇದಕ್ಕೆ ಸಹೋದ್ಯೋಗಿಗಳಿಂದಲೂ ಪ್ರಾಣಿಪ್ರಿಯರಿಂದಲೂ ಆಕ್ಷೇಪ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಾತ್ರೆಯ ಪ್ರಮಾಣ ಹೇಳುವ ಅಧಿಕಾರ ನನಗಿಲ್ಲ. ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ, ಪಶುವೈದ್ಯರಿಗೆ ಫೋನ್ ಮಾಡಿಸಿ, ಅರ್ಧ ಮಾಡಿದ ಸಂಗತಿಯನ್ನು ಸುಮಾ ಅವರ ಬಾಯಿಂದಲೇ ಹೇಳಿಸಿದೆ. ವೈದ್ಯರು ಬೈಯಲಿಲ್ಲ. ಪೂರ್ಣ ಪ್ರಮಾಣಕ್ಕೆ ಮರಳಿ, ಎರಡು ವಾರ ಬಿಟ್ಟು ರಕ್ತದಲ್ಲಿ ಔಷಧಿಯ ಮಟ್ಟ ನೋಡೋಣ, ಲಿವರ್ ಪರೀಕ್ಷೆಯನ್ನೂ ಆಗಲೇ ಮಾಡೋಣ, ನೀರಿಗೆ ಮಾತ್ರ ಕಡಿವಾಣ ಹಾಕಬೇಡಿ ಎಂದರು. ಫಿನೊಬಾರ್ಬಿಟೋನ್ 1912ರಿಂದ ಮನುಷ್ಯರ ಅಪಸ್ಮಾರಕ್ಕೆ ಬಳಕೆಯಲ್ಲಿರುವ ಮದ್ದು. ಲಿವರ್‌ಗೆ ತೊಂದರೆ ಕೊಡಬಲ್ಲದು ಎಂಬ ಮಾತು ಸುಳ್ಳಲ್ಲ, ರಕ್ತಪರೀಕ್ಷೆ ಇರುವುದೇ ಅದಕ್ಕಾಗಿ. ಆದರೆ ಒಮ್ಮೆಲೇ ಇಳಿಸಿದರೆ ಅಥವಾ ನಿಲ್ಲಿಸಿದರೆ ಆ ಕಾರಣಕ್ಕೇ ಸೆಳವು ಮರುಕಳಿಸಬಹುದು, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ. ವಾಟ್ಸ್ಆ್ಯಪ್ ಗುಂಪಿಗೆ ಇದರಲ್ಲಿ ಅರ್ಧ ಮಾತ್ರ ಗೊತ್ತಿತ್ತು.

ಎರಡನೆಯದು, ಸಂಜೆಯ ಮಾತ್ರೆ ಅತ್ತೆಯದು ಎಂದೆ. ನಾಯಿಯನ್ನು ಮುದ್ದಿಸಬೇಕಿಲ್ಲ, ಸೆಳವು ಬಂದರೆ ಹತ್ತಿರ ಕೂರಬೇಕಿಲ್ಲ, ಕೋಣೆಯ ಚಿಲಕ ಅವರಿಷ್ಟ. ಏಳು ಗಂಟೆಗೆ ಮಾತ್ರೆ ಕೊಟ್ಟು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿದರೆ ಮುಗಿಯಿತು. ಅತ್ತೆ ಒಪ್ಪಿದರು, ಆದರೆ ತಮ್ಮದೇ ಷರತ್ತು ಹಾಕಿದರು: ನಾಯಿ ಅಡುಗೆಮನೆಯ ಹೊಸ್ತಿಲು ದಾಟಕೂಡದು. ಸುಮಾ ವಾರಕ್ಕೆರಡು ರಾತ್ರಿಯಾದರೂ ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಮಲಗಬೇಕು ಎಂದೆ. ಅದಕ್ಕೆ ಒಪ್ಪಿಸುವುದು ಅತ್ತೆಯನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು.

“ವಯಸ್ಸಾದ ಹೆಂಗಸಿನ ಹಳೆಯ ಗಾಯ ಕೆದಕಿ, ಅದರ ಮೇಲೆ ನಾಯಿಯ ಹೊಣೆ ಬೇರೆ ಹೊರಿಸಿದಿರಲ್ಲ” ಎಂದರು ನನ್ನ ಸಹೋದ್ಯೋಗಿಯೊಬ್ಬರು. ಗಾಯವನ್ನು ನಾನು ಕೆದಕಲಿಲ್ಲ, ಅದು ಮೇಜಿನ ಮೇಲೆ ತಾನಾಗಿ ಬಂದು ಬಿದ್ದಿತು. ಹೊಣೆಯ ವಿಷಯದಲ್ಲಿ ನನ್ನ ನಿಲುವು ಬದಲಾಗುವುದಿಲ್ಲ. ಆ ಮನೆಯಲ್ಲಿ ಈ ರೋಗದ ಒಳಹೊರಗು ಬಲ್ಲವರು ಒಬ್ಬರೇ, ಅವರನ್ನೇ ಎಲ್ಲರೂ ಸೇರಿ ರೋಗದಿಂದ ದೂರ ಇಟ್ಟಿದ್ದರು. ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಆಗಬೇಕಾದ ಕೆಲಸವನ್ನು ವರ್ಷಗಟ್ಟಲೆ ಒಬ್ಬರೇ ಮಾಡಲು ಆಗುವುದಿಲ್ಲ. ಮಾಡುತ್ತೇನೆ ಎಂದು ಹೊರಟವರು ಒಂದು ದಿನ ಕುಸಿಯುತ್ತಾರೆ, ಇಲ್ಲವೇ ಮಾತ್ರೆ ಮುರಿಯುತ್ತಾರೆ. ಸುಮಾ ಅವರಂಥವರಿಗೆ ಎರಡನೆಯ ಕೈ ಒಪ್ಪಿಕೊಳ್ಳುವುದೇ ಕಷ್ಟ, ಏಕೆಂದರೆ ದತ್ತು ತಂದವಳು ನಾನು, ಅನುಭವಿಸಬೇಕಾದವಳೂ ನಾನೇ ಎಂದು ಮನಸ್ಸಿನಲ್ಲಿ ತಮಗೆ ತಾವೇ ಶಿಕ್ಷೆ ಬರೆದುಕೊಂಡಿರುತ್ತಾರೆ. ಸಲಹೆಗೆ ಬಂದವರ ತ್ಯಾಗವನ್ನು ನಾನು ಹೊಗಳುವುದಿಲ್ಲ. ಹೊಗಳಿದಷ್ಟೂ ಚಾಪೆ ಹಜಾರದಲ್ಲೇ ಉಳಿಯುತ್ತದೆ.

ಗಂಡನನ್ನು ಸುಮ್ಮನೆ ಬಿಟ್ಟಿರಾ ಎಂದು ಕೇಳುವವರಿಗೆ: ಬಿಡಲಿಲ್ಲ. ಆತನನ್ನು ಬೇರೆಯಾಗಿ ಕರೆಸಿದೆ. ಪಶುವೈದ್ಯರಲ್ಲಿಗೆ ಹೋಗುವುದು, ರಕ್ತಪರೀಕ್ಷೆ ಮಾಡಿಸುವುದು, ಬೆಳಗಿನ ಪಾಳಿಯ ವಾರಗಳಲ್ಲಿ ರಾತ್ರಿ ಮಲಗುವ ಮುಂಚೆ ನಾಯಿಯನ್ನು ಹೊರಗೆ ಕರೆದೊಯ್ಯುವುದು ಆತನ ಪಾಲಿಗೆ ಬಂದವು. ಆತ ಕೆಟ್ಟವನಲ್ಲ. ಮಾತ್ರೆಗೂ ಮೂತ್ರಕ್ಕೂ ಸಂಬಂಧವಿದೆ ಎಂದು ಆತನಿಗೆ ಯಾರೂ ತಿಳಿಸಿರಲಿಲ್ಲ. ನಾಯಿಗೆ ಬುದ್ಧಿ ಕಲಿಸಿಲ್ಲ ಎಂದುಕೊಂಡಿದ್ದ.

ಮೂರನೆಯದಕ್ಕೆ ಪ್ರಾಣಿಪ್ರಿಯರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ವಾಪಸು ಕೊಡುವ ಮಾತನ್ನು ನಾನು ಮುಚ್ಚಿಹಾಕಲಿಲ್ಲ. ಮೂರು ತಿಂಗಳು ಪೂರ್ಣ ಪ್ರಮಾಣದ ಔಷಧಿ, ಸೆಳವಿನ ದಿನಾಂಕ ಮತ್ತು ಅವಧಿ ಬರೆದಿಟ್ಟ ಪುಸ್ತಕ, ಎರಡನೆಯ ಕೈ, ಸರಿಯಾದ ನಿದ್ದೆ, ಇಷ್ಟೂ ಆದ ಮೇಲೆ ಮನೆ ನಡೆಸಲಾಗದಿದ್ದರೆ ದತ್ತು ಕೊಟ್ಟವರ ಬಳಿ ಮುಚ್ಚುಮರೆಯಿಲ್ಲದೆ ಮಾತನಾಡಬಹುದು, ಅದರಲ್ಲಿ ನಾಚಿಕೆಪಡಬೇಕಾದ್ದು ಏನೂ ಇಲ್ಲ ಎಂದೆ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಎತ್ತಕೂಡದು ಎಂದೂ ಹೇಳಿದೆ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಮನುಷ್ಯರು ಒಳಗೆ ಕೂರುವುದಕ್ಕೆ ಅಷ್ಟಾಗಿ ಹೆದರುವುದಿಲ್ಲ. ಕೊಡಲೇಕೂಡದು ಎಂದು ಪ್ರಮಾಣ ಮಾಡಿಸಿಕೊಂಡು ಕಳುಹಿಸಿದರೆ ಮತ್ತೊಂದು ಪೊಟ್ಟಣ ಸಿದ್ಧವಾಗುತ್ತದೆ.

ಇಂಥ ನಾಯಿಯನ್ನು ತರಬೇಕೆಂದಿರುವವರು ಬಹಳ ಮಂದಿ ಬರೆದು ಕೇಳುವುದರಿಂದ, ಪಶುವೈದ್ಯರಿಂದ ನಾನು ಕೇಳಿ ತಿಳಿದದ್ದನ್ನು ಇಲ್ಲಿ ಸೇರಿಸುತ್ತೇನೆ. ಸೆಳವು ಬಂದಾಗ ಬಾಯಿಗೆ ಕೈಯನ್ನಾಗಲಿ ಚಮಚವನ್ನಾಗಲಿ ಹಾಕಬೇಡಿ. ನಾಯಿ ನಾಲಗೆ ನುಂಗುವುದಿಲ್ಲ, ನಿಮ್ಮ ಬೆರಳು ಹೋಗುತ್ತದೆ. ನೀರು ಹೊಯ್ಯಬೇಡಿ. ಕಬ್ಬಿಣದ ಕೀಲಿಕೈ, ಈರುಳ್ಳಿ, ಚಪ್ಪಲಿಯ ವಾಸನೆಗಳಿಂದ ಮನುಷ್ಯರ ಫಿಟ್ಸೂ ನಿಲ್ಲುವುದಿಲ್ಲ. ಸೆಳವು ತಾನಾಗಿ ನಿಲ್ಲುವ ಹೊತ್ತಿಗೆ ನೀವು ಅವುಗಳನ್ನು ಮೂಗಿಗೆ ಹಿಡಿದಿರುತ್ತೀರಿ, ಅಷ್ಟೇ. ಮೆಟ್ಟಿಲು, ಮೇಜಿನ ಅಂಚು ತಗಲದಂತೆ ನೋಡಿಕೊಳ್ಳಿ, ದೀಪ ಆರಿಸಿ, ಗಡಿಯಾರ ನೋಡಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮನೆಯವರ ವರ್ಣನೆಗಿಂತ ಆ ವಿಡಿಯೊ ವೈದ್ಯರಿಗೆ ಹೆಚ್ಚು ಹೇಳುತ್ತದೆ. ಐದು ನಿಮಿಷಕ್ಕೆ ನಿಲ್ಲದಿದ್ದರೆ, ಅಥವಾ ಒಂದೇ ದಿನದಲ್ಲಿ ಮತ್ತೊಂದು ಬಂದರೆ, ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ನಿಂತ ಮೇಲೂ ನಾಯಿ ಸ್ವಲ್ಪ ಹೊತ್ತು ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನಲು ನೋಡುತ್ತದೆ, ಸಾಕಿದವರನ್ನೇ ಗುರುತಿಸದೆ ಕಚ್ಚಲೂಬಹುದು. ಮಕ್ಕಳನ್ನು ಆಗ ಹತ್ತಿರ ಬಿಡಬೇಡಿ.

ಮಾತ್ರೆ ಮುಗಿಯುವ ದಿನ ಅಂಗಡಿಗೆ ಹೋಗುವುದಲ್ಲ. ಇದು ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ, ಚೀಟಿ ಇಲ್ಲದೆ ಕೊಡಬಾರದು ಕೂಡ. ಹಬ್ಬದ ರಜೆಗೆ ಮುಂಚೆ ತಂದಿಟ್ಟುಕೊಳ್ಳಿ. ಮೈಸೂರಿನವರಿಗೆ ದಸರೆಯ ಕುಶಾಲತೋಪು ಸಂಭ್ರಮ, ದೀಪಾವಳಿಯ ಪಟಾಕಿಯೂ ಸಂಭ್ರಮ. ಕೆಲವು ನಾಯಿಗಳಿಗೆ ಆ ಗಾಬರಿಯೇ ಸೆಳವಿಗೆ ನೆಪವಾಗುತ್ತದೆ, ಆದ್ದರಿಂದ ಆ ದಿನಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ದೇವರಮನೆಯ ಕರ್ಪೂರ ನಾಯಿಯ ಬಾಯಿಗೆ ಸಿಗುವ ಜಾಗದಲ್ಲಿ ಬೇಡ, ಹೊಟ್ಟೆಗೆ ಹೋದರೆ ಅದೂ ಸೆಳವು ತರಿಸುತ್ತದೆ. ಉಣ್ಣಿಗೆಂದು ಈಗ ಬಾಯಿಗೆ ಕೊಡುವ ಮಾತ್ರೆಗಳು ಬಂದಿವೆಯಲ್ಲ, ಅವುಗಳಲ್ಲಿ ಐಸೊಕ್ಸಾಜೊಲಿನ್ ಗುಂಪಿನವು ಕೆಲವು ನಾಯಿಗಳಲ್ಲಿ ಸೆಳವು ಉಂಟುಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿಯೇ ಎಚ್ಚರಿಸಿದೆ. ಉಣ್ಣಿಯ ಮದ್ದು ಕೇಳುವಾಗ ಫಿಟ್ಸ್ ಇರುವುದನ್ನು ಬಾಯಿಬಿಟ್ಟು ಹೇಳಿ.

ಇಷ್ಟಕ್ಕಿಂತ ಮೊದಲು ಒಂದು ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು, ಈ ರೋಗವನ್ನು ಹತ್ತಿರದಿಂದ ಕಂಡವರು ಯಾರಾದರೂ ಇದ್ದೀರಾ ಎಂದು ಕೇಳಿ. ನಾಯಿ ಬೇಡ ಎಂದು ಹಟ ಹಿಡಿದವರನ್ನು ಮೊದಲು ಕೇಳಿ. ಉತ್ತರ ತಕ್ಷಣ ಬರುವುದಿಲ್ಲ, ಅಡುಗೆಮನೆಯಲ್ಲಿ ಎರಡು ದಿನ ಬಿಟ್ಟು ಬರಬಹುದು.

ಚಂದುವಿಗೆ ಈಗಲೂ ಫಿಟ್ಸ್ ಬರುತ್ತದೆ, ಮೊದಲಿಗಿಂತ ಅಂತರ ಹೆಚ್ಚಿದೆ. ಪೂರ್ತಿ ನಿಲ್ಲಬಹುದೆಂದು ವೈದ್ಯರು ಹೇಳಿಲ್ಲ, ಸುಮಾ ಕೂಡ ಕೇಳುವುದನ್ನು ಬಿಟ್ಟಿದ್ದಾರೆ. ನಾಯಿಗೆ ಮಾತ್ರೆಯನ್ನು ಬೆಲ್ಲದಲ್ಲಿ ಬೇಡ, ಮೈ ಈಗಲೇ ಬರುತ್ತಿದೆ ಎಂದು ವೈದ್ಯರು ಹೇಳಿದ್ದರಿಂದ ಅತ್ತೆ ಇಡ್ಲಿಯ ಚೂರಿನಲ್ಲಿಟ್ಟು ಕೊಡುತ್ತಾರೆ. ತಮ್ಮನ ಮದುವೆಗೆ ಸುಮಾ ತವರಿಗೆ ಹೋಗಿ ಮೂರು ದಿನ ಇದ್ದು ಬಂದರು, ದಿನಕ್ಕೆರಡು ಸಲ ಫೋನ್ ಮಾಡಿ ಅತ್ತೆಯ ಕೈಲಿ ಬೈಸಿಕೊಂಡರಂತೆ. ಸೆಳವು ಬಂದಾಗ ಕೋಣೆಯ ಚಿಲಕ ಬೀಳುವುದು ನಿಂತಿಲ್ಲ. ಅಡುಗೆಮನೆಯ ಹೊಸ್ತಿಲಿನ ವಿಷಯದಲ್ಲಿ ಮಾತ್ರ ಅತ್ತೆ ಸೊಸೆಯರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆ ವ್ಯಾಜ್ಯ ತೀರಿಸಲು ಮತ್ತೆ ಬರುತ್ತೇವೆ ಎಂದಾಗ, ಅದು ನನ್ನಿಂದಾಗುವ ಕೆಲಸವಲ್ಲ ಎಂದು ಹೇಳಿ ಕಳುಹಿಸಿದ್ದೇನೆ.